ಸಂಕಟದ ಭೂಶಿರದಿಂದ ಹಾಸ್ಟೆಲ್ಲಿನ ಇರುಳಿಗೆ: ಉತ್ತರ ಕ್ವೀನ್ಸ್‌ಲ್ಯಾಂಡಿನ ಬ್ಯಾಕ್‌ಪ್ಯಾಕರ್ ಕಥನಗಳ ಒಂದು ಓದು

1

ಪ್ರವಾಸ ಕಥನದ ವಿಮರ್ಶೆ ನಮ್ಮಲ್ಲಿ ಹೆಚ್ಚಾಗಿ ಹೆಸರಾಂತ ಲೇಖಕರ ಕೃತಿಗಳ ಸುತ್ತಲೇ ನಡೆದುಬಂದಿದೆ. ಗೋಕಾಕ, ಕಾರಂತ, ಗೊರೂರು ಮೊದಲಾದವರು ಕಂಡ ದೇಶಗಳನ್ನು ಅವರ ಒಟ್ಟು ಸಾಹಿತ್ಯದ ಬೆಳಕಿನಲ್ಲಿ ಓದುವುದು ರೂಢಿ. ಆದರೆ ಕಳೆದ ಕೆಲವು ದಶಕಗಳಲ್ಲಿ ಪ್ರವಾಸದ ಬರವಣಿಗೆಯ ದೊಡ್ಡದೊಂದು ಭಾಗವನ್ನು ಬರೆದವರು ತಮ್ಮನ್ನು ಲೇಖಕರೆಂದು ಕರೆದುಕೊಳ್ಳದ ಯುವಜನರು. ಬೆನ್ನಿಗೊಂದು ಚೀಲ, ಕೈಯಲ್ಲಿ ಅಗ್ಗದ ಬಸ್ಸಿನ ಟಿಕೇಟು, ಹತ್ತು ಜನ ಮಲಗುವ ಕೋಣೆಯಲ್ಲೊಂದು ಮಂಚ. ಇಷ್ಟನ್ನೇ ಬಂಡವಾಳ ಮಾಡಿಕೊಂಡು ತಿಂಗಳುಗಟ್ಟಲೆ ತಿರುಗುವ ಬ್ಯಾಕ್‌ಪ್ಯಾಕರುಗಳ ದಿನಚರಿ ಈಗ ತನ್ನದೇ ಕಟ್ಟುಪಾಡುಗಳುಳ್ಳ ಒಂದು ಪ್ರಕಾರವಾಗಿದೆ. ಅದನ್ನು ಓದಲು ಯೋಗ್ಯವಲ್ಲವೆಂದು ಬದಿಗಿಡುವುದು ಸುಲಭ. ಈ ಲೇಖನ ಅದನ್ನೊಂದು ಪಠ್ಯವಾಗಿ ಓದಲು ಯತ್ನಿಸುತ್ತದೆ.

ಈ ಪ್ರಕಾರ ತನ್ನ ಪೂರ್ಣ ರೂಪದಲ್ಲಿ ಕಾಣಸಿಗುವ ಜಾಗಗಳಲ್ಲಿ ಒಂದು ಆಸ್ಟ್ರೇಲಿಯಾದ ಈಶಾನ್ಯ ಭಾಗದ ಉಷ್ಣವಲಯದ ಕರಾವಳಿ, ಅಂದರೆ ಉತ್ತರ ಕ್ವೀನ್ಸ್‌ಲ್ಯಾಂಡ್. ಕಥನದ ಸಾಗುವಿಕೆ ಬಹುತೇಕ ಒಂದೇ ಬಗೆಯದು. ನಿರೂಪಕ ಕೇರ್ನ್ಸ್ ನಗರದಲ್ಲಿ ವಿಮಾನದಿಂದಿಳಿಯುತ್ತಾನೆ; ಸೆಖೆಗೆ ಬೆಚ್ಚುತ್ತಾನೆ; ಹಾಸ್ಟೆಲ್ ಸೇರುತ್ತಾನೆ. ಮರುದಿನ ದೋಣಿಯಲ್ಲಿ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳಿಗೆ ಪಯಣ, ಆಚೆ ದಿನ ಬೆಟ್ಟದ ರೈಲಿನಲ್ಲಿ ಕುರಾಂಡಾ, ಅನಂತರ ಡೇಂಟ್ರಿಯ ಮಳೆಕಾಡು, ಅಲ್ಲಿಂದ ಕೇಪ್ ಟ್ರಿಬ್ಯುಲೇಷನ್. ಪ್ರತಿದಿನದ ವಿಹಾರಕ್ಕೂ ಒಂದು ಇರುಳು ಜೋಡಿಯಾಗಿರುತ್ತದೆ: ರಟ್ಟಿನ ಪೆಟ್ಟಿಗೆಯಲ್ಲಿ ಬರುವ ಅಗ್ಗದ ದ್ರಾಕ್ಷಾರಸ, ಹಾಸ್ಟೆಲ್ಲಿನ ಬಾರು, ಮೇಜಿನ ಮೇಲಿನ ಕುಣಿತ, ಬಹುಮಾನವಾಗಿ ಇನ್ನೊಂದು ವಿಹಾರದ ಟಿಕೇಟು ಕೊಡುವ ಪಂದ್ಯಗಳು, ಒಂದು ಮದ್ಯದಂಗಡಿಯಿಂದ ಮತ್ತೊಂದಕ್ಕೆ ಗುಂಪುಗೂಡಿ ಸಾಗುವ ಮೆರವಣಿಗೆ. ಬಳಿಕ ಬಸ್ಸು ದಕ್ಷಿಣಕ್ಕೆ ಹೊರಡುತ್ತದೆ. ಮಿಷನ್ ಬೀಚಿನಲ್ಲಿ ಆಕಾಶಜಿಗಿತ, ಮ್ಯಾಗ್ನೆಟಿಕ್ ದ್ವೀಪದಲ್ಲಿ ಹುಣ್ಣಿಮೆಯ ಕೂಟ, ಏರ್ಲಿ ಬೀಚಿನಿಂದ ಹಾಯಿದೋಣಿ. ಹಗಲು ವಿಹಾರ, ಇರುಳು ಮೋಜು, ಮುಂದಿನ ಊರು.

ಇಂಥ ಕಥನವನ್ನು ಸ್ವಕೇಂದ್ರಿತವೆಂದು, ಪೊಳ್ಳೆಂದು ದೂರುವುದು ವಾಡಿಕೆ. ಆ ದೂರು ಅರ್ಧ ಸತ್ಯ. ನನ್ನ ವಾದ ಇಷ್ಟು: ಬ್ಯಾಕ್‌ಪ್ಯಾಕರ್ ಕಥನವು ತಾನು ಹೇಳಿಕೊಂಡಷ್ಟು ತನ್ನನ್ನು ಕುರಿತಾದುದಲ್ಲ. ನಿರೂಪಕನ ಅನುಭವದಲ್ಲಿಯೇ ಒಂದು ದೊಡ್ಡ ಪಾಲನ್ನು, ಅವನ ದುಡಿಮೆಯನ್ನು, ಅದು ಬಿಟ್ಟುಬಿಡುತ್ತದೆ. ಹಾಗೆಯೇ ತಾನು ನಿಂತ ನೆಲಕ್ಕೆ ಒಂದು ಮಾತಿದೆ ಎಂಬುದನ್ನು ಬಿಟ್ಟುಬಿಡುತ್ತದೆ. ಈ ಎರಡು ಮೌನಗಳಿಗೂ ಒಂದಕ್ಕೊಂದು ಸಂಬಂಧವಿದೆ.

2

ಮೊದಲು ಈ ಪ್ರಕಾರಕ್ಕೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಬೇಕು. ಇದರ ಮೊದಲ ಗುಣ ಲೆಕ್ಕದ ಪ್ರಾಮಾಣಿಕತೆ. ಮಂಚಕ್ಕೆ ಎಷ್ಟು, ದೋಣಿಗೆ ಎಷ್ಟು, ಊಟಕ್ಕೆ ಉಳಿದದ್ದೆಷ್ಟು ಎಂಬುದನ್ನು ನಿರೂಪಕ ಮುಚ್ಚಿಡುವುದಿಲ್ಲ. 1973ರಲ್ಲಿ ಟೋನಿ ಮತ್ತು ಮೌರೀನ್ ವ್ಹೀಲರ್ ದಂಪತಿ ಆಸ್ಟ್ರೇಲಿಯಾದಲ್ಲಿ ಹೊರತಂದ ಮೊದಲ ಲೋನ್ಲಿ ಪ್ಲಾನೆಟ್ ಕೈಪಿಡಿಯ ವಿಷಯವೇ ಏಷ್ಯಾವನ್ನು ಅಗ್ಗವಾಗಿ ದಾಟುವುದು. ಖರ್ಚಿನ ಲೆಕ್ಕ ಈ ಪರಂಪರೆಯ ಹುಟ್ಟಿನಲ್ಲಿಯೇ ಇದೆ. ಸರ್ಕಾರದ ಆಹ್ವಾನದಿಂದಲೋ ವಿಶ್ವವಿದ್ಯಾಲಯದ ವೇತನದಿಂದಲೋ ಮಗಳ ಮನೆಯ ಆತಿಥ್ಯದಿಂದಲೋ ನಡೆದ ಪ್ರವಾಸಗಳ ಕಥನದಲ್ಲಿ ಈ ಬಗೆಯ ಲೆಕ್ಕಕ್ಕೆ ಅವಕಾಶ ಕಡಿಮೆ.

ಎರಡನೆಯ ಗುಣ ಇರುಳನ್ನು ಒಪ್ಪಿಕೊಳ್ಳುವುದು. ನಮ್ಮ ಪ್ರವಾಸ ಕಥನಗಳಲ್ಲಿ ಸಾಮಾನ್ಯವಾಗಿ ಸೂರ್ಯ ಮುಳುಗಿದೊಡನೆ ನಿರೂಪಕ ಕೋಣೆ ಸೇರುತ್ತಾನೆ. ಮರುದಿನದ ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಮತ್ತೆ ಪ್ರತ್ಯಕ್ಷನಾಗುತ್ತಾನೆ. ಬ್ಯಾಕ್‌ಪ್ಯಾಕರ್ ದಿನಚರಿಯಲ್ಲಿ ದೇಹಕ್ಕೆ ಹಸಿವು, ಆಸೆ, ನಾಚಿಕೆ, ತಲೆನೋವು ಎಲ್ಲ ಉಂಟು. ಪ್ರಾಯದ ಒಂಟಿತನ ಗದ್ದಲದ ನಡುವೆಯೇ ತಲೆಯೆತ್ತುವುದನ್ನು ಇವುಗಳಲ್ಲಿ ಉತ್ತಮವಾದವು ಬಹಳ ಸರಳವಾಗಿ ಹಿಡಿದುಕೊಡುತ್ತವೆ. ಇಪ್ಪತ್ತು ಹೊಸ ಗೆಳೆಯರ ಹೆಸರುಗಳು ಒಂದು ಪುಟದಲ್ಲಿ ಬರುತ್ತವೆ. ಮುಂದಿನ ಪುಟದಲ್ಲಿ ಅವರಾರೂ ಇರುವುದಿಲ್ಲ. ಆ ಇಲ್ಲದಿರುವಿಕೆಯನ್ನು ನಿರೂಪಕ ವಿವರಿಸಹೋಗದಿದ್ದರೂ ಓದುಗನಿಗೆ ಅದು ತಟ್ಟುತ್ತದೆ.

ಮೂರನೆಯದು, ಜಾಹೀರಾತಿನ ಚಿತ್ರ ಕೈಕೊಟ್ಟ ಜಾಗದಲ್ಲಿ ಈ ಬರವಣಿಗೆ ಚುರುಕಾಗುತ್ತದೆ. ಕೇರ್ನ್ಸ್ ನಗರದ ಎದುರಿಗಿರುವುದು ಮರಳಿನ ತೀರವಲ್ಲ. ಇಳಿತದ ವೇಳೆ ದೂರದವರೆಗೆ ಹರಡಿಕೊಳ್ಳುವ ಕೆಸರಿನ ಬಯಲು. ಅದಕ್ಕಾಗಿಯೇ 2003ರಲ್ಲಿ ನಗರಾಡಳಿತ ದಂಡೆಯ ಮೇಲೊಂದು ಕೃತಕ ಈಜುಕೊಳವನ್ನು ತೆರೆಯಿತು. ಸರಿಸುಮಾರು ನವೆಂಬರಿನಿಂದ ಮೇ ತಿಂಗಳವರೆಗೆ ಪ್ರಾಣಾಂತಿಕವಾದ ಪೆಟ್ಟಿಗೆ ಅಂಬಲಿಮೀನುಗಳ ಕಾಲ. ಸಮುದ್ರಕ್ಕಿಳಿಯುವವರು ಬಲೆಯೊಳಗೆ, ಇಲ್ಲವೆ ಮೈಮುಚ್ಚುವ ಉಡುಪಿನಲ್ಲಿ ಇಳಿಯಬೇಕು. ನದೀಮುಖಗಳಲ್ಲಿ ಮೊಸಳೆಯ ಎಚ್ಚರಿಕೆಯ ಫಲಕಗಳು. ಉಷ್ಣವಲಯದ ಸ್ವರ್ಗವೆಂದು ಕೊಂಡು ತಂದ ಚಿತ್ರಕ್ಕೂ ಕಣ್ಣೆದುರಿನ ಕೆಸರಿಗೂ ನಡುವಿನ ಅಂತರದಲ್ಲಿ ನಿರೂಪಕನಿಗೆ ನಗು ಬರುತ್ತದೆ. ಆ ನಗುವಿನಲ್ಲಿ ಅವನು ಕಣ್ಣಿಂದ ನೋಡಲು ತೊಡಗುತ್ತಾನೆ. ಆದರೆ ಆ ನೋಟ ಬಹುಕಾಲ ನಿಲ್ಲುವುದಿಲ್ಲ. ಸಂಜೆಯಾಗುತ್ತದೆ, ಬಾರು ತೆರೆಯುತ್ತದೆ.

3

ಈ ನೋಟ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಉತ್ತರವನ್ನು ಆ ಕರಾವಳಿಯ ನಕ್ಷೆಯಲ್ಲಿಯೇ ಹುಡುಕಬಹುದು. 1770ರ ಜೂನ್ ತಿಂಗಳಲ್ಲಿ ಜೇಮ್ಸ್ ಕುಕ್‌ನ ಎಂಡೆವರ್ ಹಡಗು ಈ ತೀರದುದ್ದಕ್ಕೂ ಉತ್ತರಕ್ಕೆ ಸಾಗಿತು. ದಿಕ್ಸೂಚಿಯ ಮುಳ್ಳು ತಪ್ಪುತ್ತಿದೆಯೆಂದು ತೋರಿದ ಜಾಗ ಅವನ ನಕ್ಷೆಯಲ್ಲಿ ಅಯಸ್ಕಾಂತದ ನೆಲವಾಯಿತು. ಇಂದಿನ ಮ್ಯಾಗ್ನೆಟಿಕ್ ದ್ವೀಪ ಅದೇ. ಇನ್ನೊಂದು ದ್ವೀಪಕ್ಕೆ ಹ್ಯಾಲಿಫ್ಯಾಕ್ಸಿನ ಶ್ರೀಮಂತ ಜಾರ್ಜ್ ಮಾಂಟೆಗ್ಯು ಡಂಕ್‌ನ ಹೆಸರು ಬಿತ್ತು. ಜೂನ್ 11ರ ರಾತ್ರಿ ಹಡಗು ಹವಳದ ದಿಬ್ಬಕ್ಕೆ ಬಡಿದು ಸಿಕ್ಕಿಕೊಂಡಿತು. ತನ್ನ ತೊಂದರೆಗಳು ಮೊದಲಾದ ಜಾಗದ ಭೂಶಿರವನ್ನು ಕುಕ್ ಕೇಪ್ ಟ್ರಿಬ್ಯುಲೇಷನ್ ಎಂದು ಕರೆದ, ಅಂದರೆ ಸಂಕಟದ ಭೂಶಿರ. ಅದರಾಚೆ ಬಳಲಿಕೆಯ ಕೊಲ್ಲಿ, ಭರವಸೆಯ ದ್ವೀಪಗಳು.

ಈ ಹೆಸರುಗಳನ್ನು ಒಟ್ಟಿಗಿಟ್ಟು ಓದಿದರೆ ಅವು ಭೂಗೋಳವಾಗಿ ಉಳಿಯುವುದಿಲ್ಲ. ಒಬ್ಬ ಪ್ರಯಾಣಿಕನ ದಿನಚರಿಯಾಗುತ್ತವೆ. ಇಲ್ಲಿ ನನಗೆ ಕಷ್ಟವಾಯಿತು, ಇಲ್ಲಿ ದಣಿದೆ, ಇಲ್ಲಿ ಆಸೆ ಚಿಗುರಿತು. ಜಾಗವು ತನ್ನಲ್ಲಿ ಏನಾಗಿದೆ ಎಂಬುದಕ್ಕಲ್ಲ, ಬಂದವನಿಗೆ ಏನಾಯಿತು ಎಂಬುದಕ್ಕೆ ಗುರುತು. ಬ್ಯಾಕ್‌ಪ್ಯಾಕರ್ ಕಥನವು ಈ ನಾಮಕರಣದ ವಿಧಾನವನ್ನು ಅರಿವಿಲ್ಲದೆ ಮುಂದುವರಿಸುತ್ತದೆ. ಅದರಲ್ಲಿ ಮಿಷನ್ ಬೀಚ್ ಎಂದರೆ ಹದಿನಾಲ್ಕು ಸಾವಿರ ಅಡಿಗಳಿಂದ ಜಿಗಿದ ಜಾಗ. ಕುರಾಂಡಾ ಎಂದರೆ ಹಿಂದಿನ ರಾತ್ರಿಯ ಅಮಲು ಇಳಿಯದೆ ರೈಲಿನಲ್ಲಿ ತೂಕಡಿಸಿದ ಜಾಗ. 1891ರಲ್ಲಿ ಸಂಚಾರಕ್ಕೆ ತೆರೆದ ಆ ರೈಲುದಾರಿಯ ಹದಿನೈದು ಸುರಂಗಗಳನ್ನು ಕೊರೆದವರು ಯಾರು ಎಂಬುದು ತೂಕಡಿಕೆಯ ನಡುವೆ ಕೇಳಿಸುವುದಿಲ್ಲ.

ಕುಕ್‌ನಿಗೂ ಇಂದಿನ ಬ್ಯಾಕ್‌ಪ್ಯಾಕರನಿಗೂ ನಡುವೆ ಒಬ್ಬ ಕೊಂಡಿಯಿದ್ದಾನೆ. ಟೌನ್ಸ್‌ವಿಲ್ಲಿನ ಪತ್ರಕರ್ತ ಇ. ಜೆ. ಬ್ಯಾನ್‌ಫೀಲ್ಡ್ ಆರೋಗ್ಯ ಕೆಟ್ಟು, ನಗರದ ಉದ್ಯೋಗ ಬಿಟ್ಟು, 1897ರಲ್ಲಿ ಹೆಂಡತಿಯೊಡನೆ ಡಂಕ್ ದ್ವೀಪ ಸೇರಿದ. 1908ರಲ್ಲಿ ಅವನ ‘ಕನ್ಫೆಷನ್ಸ್ ಆಫ್ ಎ ಬೀಚ್‌ಕೂಂಬರ್’ ಪ್ರಕಟವಾಯಿತು. ಉದ್ಯೋಗದ ಹಂಗಿಲ್ಲದೆ ಉಷ್ಣವಲಯದ ತೀರದಲ್ಲಿ ಅಲೆಯುವವನೆಂಬ ಪಾತ್ರಕ್ಕೆ ಆ ಪುಸ್ತಕ ಇಂಗ್ಲಿಷಿನಲ್ಲಿ ಬಹುಕಾಲ ಮಾದರಿಯಾಯಿತು. ಆದರೆ ಬ್ಯಾನ್‌ಫೀಲ್ಡ್ ಅಲ್ಲಿಯೇ ಉಳಿದ. 1923ರಲ್ಲಿ ಅಲ್ಲಿಯೇ ತೀರಿಕೊಂಡ. ಹಕ್ಕಿ, ಹವಳ, ಮರ, ಮಳೆಗಳನ್ನು ವರ್ಷಗಟ್ಟಲೆ ನೋಡಿದ. ದ್ವೀಪಕ್ಕೆ ಅಲ್ಲಿಯ ಜನರಿಟ್ಟ ಹೆಸರು ಕೂನಾಂಗಲ್‌ಬಾ ಎಂದು ದಾಖಲಿಸಿದ. ಮೂಲನಿವಾಸಿಗಳನ್ನು ಕುರಿತ ಅವನ ದನಿಯಲ್ಲಿ ಆ ಕಾಲದ ಮೇಲರಿಮೆ ಧಾರಾಳವಾಗಿದೆ; ಅದನ್ನು ಮನ್ನಿಸಬೇಕಾಗಿಲ್ಲ. ಆದರೂ ಅಲ್ಲಿ ಉಳಿದುದರಿಂದ ಅವನಿಗೆ ಒಂದು ಹೆಸರಿನ ಹಿಂದೆ ಇನ್ನೊಂದು ಹೆಸರಿರುವುದು ಕೇಳಿಸಿತು. ಮೂರು ರಾತ್ರಿ ತಂಗಿ ಹೊರಡುವ ಕಥನಕ್ಕೆ ಈ ಅವಕಾಶವಿಲ್ಲವೆಂದು ಹೇಳಿ ವಿಷಯವನ್ನು ಮುಗಿಸಬಹುದೇ? ಮುಗಿಸಲಾಗದು. ಏಕೆಂದರೆ ಬ್ಯಾಕ್‌ಪ್ಯಾಕರುಗಳಲ್ಲಿ ಅನೇಕರು ಮೂರು ರಾತ್ರಿಗೆ ಹೊರಡುವುದಿಲ್ಲ; ಆ ಕರಾವಳಿಯಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ಆ ತಿಂಗಳುಗಳೇ ಕಥನದಿಂದ ಮಾಯವಾಗುತ್ತವೆ.

4

ಆಸ್ಟ್ರೇಲಿಯಾ 1975ರಲ್ಲಿ ಯುವ ಪ್ರವಾಸಿಗರಿಗೆ ದುಡಿಯುತ್ತ ತಿರುಗುವ ವೀಸಾವನ್ನು ಆರಂಭಿಸಿತು. 2005ರಿಂದ ನಗರಗಳಾಚೆಯ ಪ್ರದೇಶಗಳಲ್ಲಿ ಮೂರು ತಿಂಗಳು ಕೃಷಿಯಂಥ ಗೊತ್ತುಪಡಿಸಿದ ಕೆಲಸ ಮಾಡಿದವರಿಗೆ ಎರಡನೆಯ ವರ್ಷದ ವೀಸಾ ಸಿಗತೊಡಗಿತು. ಆಡುಮಾತಿನಲ್ಲಿ ಇದು ‘88 ದಿನ’. ಅನಂತರ ಉತ್ತರ ಆಸ್ಟ್ರೇಲಿಯಾದ ಪ್ರವಾಸೋದ್ಯಮ ಮತ್ತು ಹೋಟೆಲುಗಳ ಕೆಲಸವೂ ಈ ಲೆಕ್ಕಕ್ಕೆ ಸೇರಿತು. ಹೀಗಾಗಿ ಮೋಜಿನ ಇರುಳೆಂದು ಒಬ್ಬ ನಿರೂಪಕ ಬರೆದುಕೊಳ್ಳುವುದು ಇನ್ನೊಬ್ಬನ ದುಡಿಮೆಯ ಪಾಳಿ. ಮೇಜಿನ ಮೇಲೆ ಕುಣಿಯುವವಳೂ ಆ ಮೇಜನ್ನು ಮುಂಜಾನೆ ಮೂರಕ್ಕೆ ಒರೆಸುವವಳೂ ಒಂದೇ ಕೋಣೆಯ ಮೇಲಿನ ಮತ್ತು ಕೆಳಗಿನ ಮಂಚಗಳಲ್ಲಿ ಮಲಗುವವರು. ಮುಂದಿನ ತಿಂಗಳು ಅವರ ಪಾತ್ರಗಳು ಅದಲುಬದಲಾಗಬಹುದು.

ಕೇರ್ನ್ಸಿನಿಂದ ದಕ್ಷಿಣಕ್ಕಿರುವ ಇನ್ನಿಸ್‌ಫೇಲ್ ಮತ್ತು ಟಲ್ಲಿ ಪಟ್ಟಣಗಳ ಸುತ್ತಮುತ್ತ ಆಸ್ಟ್ರೇಲಿಯಾದ ಬಾಳೆಯ ಬಹುಪಾಲು ಬೆಳೆಯುತ್ತದೆ. ಟಲ್ಲಿ 1950ರಲ್ಲಿ ಒಂದೇ ವರ್ಷ 7,900 ಮಿಲಿಮೀಟರ್ ಮಳೆ ಕಂಡ ಊರು. ಅದರ ನೆನಪಿಗೆ ಅಷ್ಟೇ ಎತ್ತರದ, 7.9 ಮೀಟರಿನ ಚಿನ್ನದ ಬಣ್ಣದ ಬೂಟೊಂದನ್ನು ಅಲ್ಲಿ ನಿಲ್ಲಿಸಿದ್ದಾರೆ. ಬ್ಯಾಕ್‌ಪ್ಯಾಕರುಗಳು ಆ ಬೂಟಿನ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಮಳೆಯಲ್ಲಿ ನೆನೆಯುತ್ತ ಗೊನೆ ಹೊತ್ತ ದಿನಗಳಿಗೆ ಮಾತ್ರ ಕಥನದಲ್ಲಿ ಒಂದೆರಡು ವಾಕ್ಯ: ತೋಟದಲ್ಲಿ ಮೂರು ತಿಂಗಳು ಕಳೆಯಿತು, ಕಷ್ಟವಾಯಿತು, ಹಣ ಕೂಡಿತು. ನಾಲ್ಕು ದಿನದ ವಿಹಾರಕ್ಕೆ ನಲವತ್ತು ಪುಟ, ತೊಂಬತ್ತು ದಿನದ ದುಡಿಮೆಗೆ ಒಂದು ಪರಿಚ್ಛೇದ. ನಿರೂಪಕ ಸುಳ್ಳು ಹೇಳುತ್ತಿಲ್ಲ. ದುಡಿಮೆಯನ್ನು ಹೇಳಲು ಈ ಪ್ರಕಾರದಲ್ಲಿ ಮನೆಯಿಲ್ಲ. ಹಗಲೆಂದರೆ ವಿಹಾರ, ಇರುಳೆಂದರೆ ಮೋಜು ಎಂದು ಕಾಲವನ್ನು ಇಬ್ಭಾಗ ಮಾಡಿಕೊಂಡ ಮೇಲೆ ದುಡಿಮೆಯ ಹಗಲಿಗೆ ಎಲ್ಲಿ ಜಾಗ?

ದುಡಿಮೆಯನ್ನು ಬಿಟ್ಟುಬಿಟ್ಟಾಗ ಅದರ ಚರಿತ್ರೆಯೂ ಬಿಟ್ಟುಹೋಗುತ್ತದೆ. ಈ ಕರಾವಳಿಯ ತೋಟಗಳು ಹೊರಗಿನಿಂದ ತಂದ ಕೈಗಳಿಂದಲೇ ಬೆಳೆದವು. 1863ರಿಂದ 1904ರವರೆಗೆ ಶಾಂತಸಾಗರದ ದ್ವೀಪಗಳಿಂದ ಸುಮಾರು 62,000 ಜನರನ್ನು ಕ್ವೀನ್ಸ್‌ಲ್ಯಾಂಡಿಗೆ, ಬಹುಮಟ್ಟಿಗೆ ಕಬ್ಬಿನ ಗದ್ದೆಗಳಿಗೆ, ಕರಾರಿನ ಕೂಲಿಗಳಾಗಿ ಸಾಗಿಸಲಾಯಿತು. ಅವರಲ್ಲಿ ಅನೇಕರನ್ನು ತಂದದ್ದು ಮೋಸ ಮತ್ತು ಬಲಾತ್ಕಾರದಿಂದ. ಬಿಳಿಯರ ಆಸ್ಟ್ರೇಲಿಯಾ ನೀತಿ ಜಾರಿಗೆ ಬಂದಾಗ ಹೆಚ್ಚಿನವರನ್ನು ಗಡೀಪಾರು ಮಾಡಲಾಯಿತು. ಆಮೇಲೆ ಇಟಲಿಯವರು ಬಂದರು. ಇಂದಿನ ಬ್ಯಾಕ್‌ಪ್ಯಾಕರನ ಸ್ಥಿತಿಯನ್ನು ಆ ದ್ವೀಪವಾಸಿಗಳ ಸ್ಥಿತಿಗೆ ಸರಿದೂಗಿಸುವುದು ಅನ್ಯಾಯವಾದೀತು. ಇವನ ಜೇಬಿನಲ್ಲಿ ಮರಳುವ ಟಿಕೇಟು ಇದೆ. ಆದರೆ ಅದೇ ನೆಲದಲ್ಲಿ ಅದೇ ಬಗೆಯ ದುಡಿಮೆಗೆ ನಿಂತವನಿಗೆ ತನಗಿಂತ ಮೊದಲು ಅಲ್ಲಿ ಬಾಗಿದ ಬೆನ್ನುಗಳ ನೆನಪಾಗುವ ದಾರಿ ಇತ್ತು. ತನ್ನ ದುಡಿಮೆಯನ್ನೇ ಬರೆಯದ ಕಥನಕ್ಕೆ ಆ ದಾರಿ ಮುಚ್ಚಿಹೋಗುತ್ತದೆ.

5

ಈಗ ಎರಡನೆಯ ಮೌನಕ್ಕೆ ಬರೋಣ. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಹತ್ತು ಭಾಷೆಗಳು ಕೇಳಿಸುತ್ತವೆಂದು ಬ್ಯಾಕ್‌ಪ್ಯಾಕರ್ ನಿರೂಪಕ ಸಂಭ್ರಮದಿಂದ ಬರೆಯುತ್ತಾನೆ: ಜರ್ಮನ್, ಫ್ರೆಂಚ್, ಜಪಾನೀ, ಕೊರಿಯನ್, ಇಟಾಲಿಯನ್, ಎಲ್ಲರನ್ನೂ ಕೂಡಿಸುವ ಮುರುಕು ಇಂಗ್ಲಿಷ್. ಆ ಪಟ್ಟಿಯಲ್ಲಿ ಇಲ್ಲದ್ದು ಆ ನೆಲದ ಭಾಷೆಗಳು. 1876ರಲ್ಲಿ ಸ್ಥಾಪನೆಯಾದ, ಕ್ವೀನ್ಸ್‌ಲ್ಯಾಂಡಿನ ಗವರ್ನರೊಬ್ಬನ ಹೆಸರು ಹೊತ್ತ ಕೇರ್ನ್ಸ್ ನಿಂತಿರುವ ಜಾಗಕ್ಕೆ ಗಿಮುಯ್ ಎಂಬ ಹೆಸರಿದೆ. ಅದು ಅಲ್ಲಿ ಬೆಳೆಯುವ ಒಂದು ಅತ್ತಿಯ ಜಾತಿಯ ಮರದ ಹೆಸರು. ಮ್ಯಾಗ್ನೆಟಿಕ್ ದ್ವೀಪ ಯುನ್‌ಬೆನುನ್. ಕೇಪ್ ಟ್ರಿಬ್ಯುಲೇಷನ್ ಕುಲ್ಕಿ. ಇವು ಶಾಸನ ಸಂಪುಟಗಳಲ್ಲಿ ಹುಗಿದ ಹೆಸರುಗಳಲ್ಲ. 2021ರ ಸೆಪ್ಟೆಂಬರಿನಲ್ಲಿ ಡೇಂಟ್ರಿ ರಾಷ್ಟ್ರೀಯ ಉದ್ಯಾನವೂ ಸೇರಿದಂತೆ 1,60,000 ಹೆಕ್ಟೇರಿಗೂ ಮಿಕ್ಕಿದ ಭೂಮಿಯನ್ನು ಪೂರ್ವದ ಕುಕು ಯಲಂಜಿ ಜನರಿಗೆ ಮರಳಿಸಲಾಯಿತು. ಹೆಸರುಗಳು ಫಲಕಗಳ ಮೇಲಿವೆ, ದಾರಿ ತೋರಿಸುವವರ ಬಾಯಲ್ಲಿವೆ. ಕಥನ ಅವನ್ನು ದಾಟಿ ನಡೆಯುತ್ತದೆ.

ವಿಪರ್ಯಾಸವೆಂದರೆ ಪ್ರತಿಯೊಬ್ಬ ಬ್ಯಾಕ್‌ಪ್ಯಾಕರನೂ ಈ ಕರಾವಳಿಯ ಒಂದು ಪದವನ್ನು ಹುಟ್ಟೂರಿನಿಂದಲೇ ಹೊತ್ತು ತಂದಿರುತ್ತಾನೆ. ಕುಕ್‌ನ ಹಡಗಿನ ರಿಪೇರಿ ನಡೆದ, ಇಂದು ಕುಕ್‌ಟೌನ್ ಎನಿಸಿಕೊಂಡ ನದೀಮುಖದಲ್ಲಿ ಗುಗು ಯಿಮಿದಿರ್ ಭಾಷೆಯವರಿಂದ ಕೇಳಿ ಬರೆದುಕೊಂಡ ‘ಗಂಗುರು’ ಎಂಬ ಪದವೇ ಲೋಕದ ಭಾಷೆಗಳಲ್ಲಿ ಕಾಂಗರೂ ಆಯಿತು. ‘ಗೊತ್ತಿಲ್ಲ’ ಎಂದು ಅವರು ಹೇಳಿದ್ದನ್ನೇ ಪ್ರಾಣಿಯ ಹೆಸರೆಂದು ತಪ್ಪು ತಿಳಿದರು ಎಂಬ ಕತೆ ಈಗಲೂ ಚಾಲ್ತಿಯಲ್ಲಿದೆ. 1970ರ ದಶಕದಲ್ಲಿ ಮಾನವಶಾಸ್ತ್ರಜ್ಞ ಜಾನ್ ಹ್ಯಾವಿಲ್ಯಾಂಡ್ ಆ ಭಾಷಿಕರ ನಡುವೆ ಕೆಲಸ ಮಾಡಿ, ಗಂಗುರು ಒಂದು ನಿರ್ದಿಷ್ಟ ಬಗೆಯ ಕಾಂಗರೂವಿನ ಹೆಸರೆಂದು ದೃಢಪಡಿಸಿದ. ತಪ್ಪು ಕತೆ ಇನ್ನೂ ಬದುಕಿರುವುದಕ್ಕೆ ಕಾರಣ ಅದರ ಹಾಸ್ಯ ಮಾತ್ರವಲ್ಲ. ಅಲ್ಲಿಯ ಜನರಿಗೆ ಹೇಳಲು ಏನೂ ಇರಲಿಲ್ಲವೆಂಬ ನಂಬಿಕೆಗೆ ಅದು ಒಗ್ಗುತ್ತದೆ.

ಅದೇ ಕರಾವಳಿಯಲ್ಲಿ, ಅದೇ ಮಳೆಯಲ್ಲಿ, ಅದೇ ಸಣ್ಣ ಊರುಗಳಲ್ಲಿ ಅಲೆದ ಇನ್ನೊಬ್ಬ ಹೊರಗಿನವನ ದಿನಚರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಇಂಗ್ಲೆಂಡಿನಿಂದ ಬಂದ ಭಾಷಾವಿಜ್ಞಾನಿ ಆರ್. ಎಂ. ಡಬ್ಲ್ಯು. ಡಿಕ್ಸನ್ 1963ರಲ್ಲಿ ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ಕ್ಷೇತ್ರಕಾರ್ಯ ತೊಡಗಿದಾಗ ಅವನಿಗೆ ವಯಸ್ಸು ಇಪ್ಪತ್ತನಾಲ್ಕು, ಬ್ಯಾಕ್‌ಪ್ಯಾಕರನದೇ ಪ್ರಾಯ. ಕ್ಲೋಯಿ ಗ್ರ್ಯಾಂಟ್, ಜಾರ್ಜ್ ವಾಟ್ಸನ್ ಮೊದಲಾದವರಿಂದ ಕಲಿತದ್ದರ ಫಲ 1972ರ ಜಿರ್ಬಲ್ ವ್ಯಾಕರಣ ಮತ್ತು 1977ರ ಯಿದಿಞ್ ವ್ಯಾಕರಣ. ಹೆಣ್ಣು, ಬೆಂಕಿ ಮತ್ತು ಅಪಾಯದ ವಸ್ತುಗಳನ್ನು ಒಂದೇ ನಾಮವರ್ಗದಲ್ಲಿಡುವ ಜಿರ್ಬಲ್‌ನ ಬಗೆಯನ್ನು ಲೇಕಾಫ್ ತನ್ನ ಗ್ರಂಥದ ಶೀರ್ಷಿಕೆಗೆ ಬಳಸಿದ್ದು ನಮ್ಮ ಓದುಗರಿಗೆ ತಿಳಿದದ್ದೇ. ಡಿಕ್ಸನ್ ಬರೆದ ಕ್ಷೇತ್ರಕಾರ್ಯದ ನೆನಪುಗಳಲ್ಲಿಯೂ ಸೆಖೆ, ಕೆಟ್ಟ ರಸ್ತೆ, ದಾರಿ ಹುಡುಕಾಟ ಎಲ್ಲ ಉಂಟು. ವ್ಯತ್ಯಾಸವೊಂದೇ: ಅವನ ಬರಹದಲ್ಲಿ ಆ ಊರಿನವರು ಮಾತಾಡುತ್ತಾರೆ, ತಿದ್ದುತ್ತಾರೆ, ಕೆಲವೊಮ್ಮೆ ಹೇಳಲು ನಿರಾಕರಿಸುತ್ತಾರೆ.

ಡಿಕ್ಸನ್ ದಾಖಲಿಸಿದ ಎರಡು ಹೆಸರುಗಳು ನನ್ನ ವಾದಕ್ಕೆ ಮುಖ್ಯ. ಕೇರ್ನ್ಸಿನಿಂದ ದೋಣಿಯಲ್ಲಿ ಒಂದು ಹಗಲಿನ ವಿಹಾರಕ್ಕೆ ಹೋಗಿಬರುವ ಫಿಟ್ಜ್‌ರಾಯ್ ದ್ವೀಪಕ್ಕೆ ಯಿದಿಞ್‌ನಲ್ಲಿ ‘ಗಬರ್’ ಎಂದು ಹೆಸರು, ಅಂದರೆ ಮುಂಗೈ. ಅದು ಒಂದಾನೊಂದು ಕಾಲದಲ್ಲಿ ಒಳನಾಡಿನಿಂದ ಚಾಚಿಕೊಂಡಿದ್ದ ನೆಲದ ತೋಳು ಎಂಬ ಅರಿವು ಹೆಸರಿನಲ್ಲಿದೆ. ದ್ವೀಪಕ್ಕೂ ದಡಕ್ಕೂ ನಡುವೆ, ಈಗ ಬರಿಯ ನೀರಿರುವಲ್ಲಿ, ‘ಮುದಗ’ ಎಂಬ ಇನ್ನೊಂದು ಜಾಗವಿತ್ತು. ಅಲ್ಲಿ ಬೆಳೆಯುತ್ತಿದ್ದ ಪೈನ್ ಜಾತಿಯ ಮರಗಳಿಂದ ಆ ಹೆಸರು. ಹಿಮಯುಗದ ಕೊನೆಯಲ್ಲಿ ಏರಿದ ಸಮುದ್ರ ಇಂದಿನ ಮಟ್ಟಕ್ಕೆ ಬಂದು ಸುಮಾರು 7,000 ವರ್ಷಗಳಾದವು. ಪ್ಯಾಟ್ರಿಕ್ ನನ್ ಮತ್ತು ನಿಕೊಲಸ್ ರೀಡ್ ಎಂಬ ವಿದ್ವಾಂಸರು ಆಸ್ಟ್ರೇಲಿಯಾದ ಕರಾವಳಿಯ ಇಂಥ ಕಥನಗಳನ್ನು ಒಟ್ಟುಗೂಡಿಸಿ, ಅವು ಆ ಮುಳುಗಡೆಯ ನೆನಪನ್ನೇ ಹೊತ್ತಿವೆಯೆಂದು ವಾದಿಸಿದ್ದಾರೆ. ಕುಕ್‌ನ ಹೆಸರಿನಲ್ಲಿ ಒಬ್ಬ ನಾವಿಕನ ಒಂದು ದಿನದ ಸಂಕಟವಿದೆ. ಮುದಗ ಎಂಬ ಹೆಸರಿನಲ್ಲಿ ಒಂದು ಕಾಡೇ ಇದೆ, ಮರಗಳೂ ನೆಲವೂ ಹೋದ ಮೇಲೂ ಮಾತಿನಲ್ಲಿ ಉಳಿದ ಕಾಡು. ನಿರೂಪಕ ಕನ್ನಡಕ ಕಟ್ಟಿಕೊಂಡು ತೇಲುತ್ತ ಬಣ್ಣಬಣ್ಣದ ಮೀನುಗಳನ್ನು ನೋಡಿದ ಆ ನೀರಿನಡಿ ಒಂದು ನೆಲವಿತ್ತೆಂದು ಅವನ ದಿನಚರಿಗೆ ಗೊತ್ತಿಲ್ಲ.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಇಪ್ಪತ್ತರ ಹರೆಯದವನ ವಿಹಾರದ ಬರಹದಿಂದ ವ್ಯಾಕರಣ ಗ್ರಂಥದ ಶ್ರದ್ಧೆಯನ್ನು ಕೇಳುವುದು ಸರಿಯೇ? ಸರಿಯಲ್ಲ, ನಾನು ಕೇಳುತ್ತಲೂ ಇಲ್ಲ. ಪ್ರವಾಸೋದ್ಯಮಕ್ಕೂ ಭಾಷೆಗೂ ಹುಟ್ಟುಹಗೆತನವೇನೂ ಇಲ್ಲ. 1987ರಲ್ಲಿ ಕುರಾಂಡಾದಲ್ಲಿ ಆರಂಭವಾದ ಜಾಪುಕಾಯ್ ನೃತ್ಯರಂಗ ಪ್ರವಾಸಿಗರನ್ನು ನಂಬಿ ನಿಂತ ಸಂಸ್ಥೆ. ಕೊರೋನಾ ಕಾಲದಲ್ಲಿ ಮುಚ್ಚಿಹೋಗುವವರೆಗೆ ಅದು ಅಲ್ಲಿಯ ಯುವಕರಿಗೆ ಉದ್ಯೋಗವನ್ನೂ ತಮ್ಮ ಭಾಷೆಯನ್ನು ರಂಗದ ಮೇಲೆ ಆಡುವ ಅವಕಾಶವನ್ನೂ ಕೊಟ್ಟಿತು. ಬ್ಯಾಕ್‌ಪ್ಯಾಕರುಗಳ ಟಿಕೇಟಿನ ಹಣವೂ ಅದರಲ್ಲಿತ್ತು. ನಾನು ಕೇಳುತ್ತಿರುವುದು ಇಷ್ಟೇ: ಮಂಚದ ಬಾಡಿಗೆಯನ್ನು ಕಾಸುಕಾಸಾಗಿ ಬರೆದಿಡುವ ಕಣ್ಣಿಗೆ ಫಲಕದ ಮೇಲಿನ ಎರಡನೆಯ ಹೆಸರು ಏಕೆ ಕಾಣುವುದಿಲ್ಲ? ಅದು ಅಲಂಕಾರವೆಂದು ಮೊದಲೇ ತೀರ್ಮಾನವಾಗಿರುವುದರಿಂದ ಎಂಬುದು ನನ್ನ ಉತ್ತರ. ಮನುಷ್ಯರು ಇರುವುದು ಹಾಸ್ಟೆಲ್ಲಿನಲ್ಲಿ, ಹೊರಗಿರುವುದು ನಿಸರ್ಗ ಎಂಬ ವಿಭಜನೆಯ ಮೇಲೆ ಇಡೀ ಕಥನ ನಿಂತಿದೆ. ಕೇಪ್ ಯಾರ್ಕ್ ಪರ್ಯಾಯದ್ವೀಪದ ಪಶ್ಚಿಮಕ್ಕಿರುವ ಕೊಲ್ಲಿಯ ತೀರವನ್ನು ಕುರಿತು ವಾನ್ಯಿ ಜನಾಂಗದ ಅಲೆಕ್ಸಿಸ್ ರೈಟ್ ಬರೆದ ‘ಕಾರ್ಪೆಂಟೇರಿಯಾ’ (2006) ಕಾದಂಬರಿ ಈ ವಿಭಜನೆಯನ್ನು ಒಪ್ಪುವುದೇ ಇಲ್ಲ. ಅಲ್ಲಿ ನದಿ, ಚಂಡಮಾರುತ, ಸಮುದ್ರ ಇವು ಹಿನ್ನೆಲೆಯಾಗಿರದೆ ಕತೆಯನ್ನು ನಡೆಸುತ್ತವೆ. ಉಷ್ಣವಲಯದ ತೀರವನ್ನು ಒಳಗಿನಿಂದ ಹೇಳಿದರೆ ಹೇಗಿರುತ್ತದೆಂದು ತಿಳಿಯಬಯಸುವವರು ಇದನ್ನು ಓದಬೇಕು.

6

ದೂರದ ಕರಾವಳಿಯ ಈ ಕಥನಗಳು ನಮ್ಮ ಪತ್ರಿಕೆಯ ಓದುಗರಿಗೆ ಏಕೆ ಮುಖ್ಯ? ಒಂದು ಕಾರಣ ತೀರ ಪ್ರಾಯೋಗಿಕ. 2024ರಿಂದ ಆಸ್ಟ್ರೇಲಿಯಾ ದುಡಿಯುತ್ತ ತಿರುಗುವ ವೀಸಾವನ್ನು 18ರಿಂದ 30 ವಯಸ್ಸಿನ ಭಾರತೀಯರಿಗೂ ತೆರೆದಿದೆ. ವರ್ಷಕ್ಕೆ 1,000 ಜನರಿಗೆ, ಚೀಟಿ ಎತ್ತುವ ಕ್ರಮದಿಂದ. ಅವರಲ್ಲಿ ಕನ್ನಡ ಬಲ್ಲವರೂ ಇರುತ್ತಾರೆ, ಕೆಲವರು ಬರೆಯಲೂಬಹುದು. ಕನ್ನಡದಲ್ಲಿ ಬ್ಯಾಕ್‌ಪ್ಯಾಕರ್ ಕಥನವೆಂಬ ಪ್ರಕಾರ ಕಾಲೂರುವ ಹೊತ್ತಿನಲ್ಲಿ ಅದು ಯಾವ ಅಚ್ಚಿನಲ್ಲಿ ಮೂಡುತ್ತದೆಂಬುದು ವಿಮರ್ಶೆಯ ಪ್ರಶ್ನೆ. ಕನ್ನಡದ ಪ್ರವಾಸ ಕಥನಕ್ಕೆ ಒಂದು ಒಳ್ಳೆಯ ಅಭ್ಯಾಸವಿದೆ: ಕಂಡದ್ದನ್ನು ಊರಿನ ಪಕ್ಕದಲ್ಲಿಟ್ಟು ತೂಗುವುದು. ‘ಅಮೆರಿಕಾದಲ್ಲಿ ಗೊರೂರು’ ಇದಕ್ಕೆ ಪ್ರಸಿದ್ಧ ಉದಾಹರಣೆ. ಆ ಅಭ್ಯಾಸಕ್ಕೆ ಬ್ಯಾಕ್‌ಪ್ಯಾಕರನ ಲೆಕ್ಕದ ಪ್ರಾಮಾಣಿಕತೆಯೂ ಇರುಳಿನ ಧೈರ್ಯವೂ ಸೇರಿದರೆ ಲಾಭವೇ.

ಇನ್ನೊಂದು ಕಾರಣ ಗಡಿಯಾಚೆಯ ಕನ್ನಡಿಗರಿಗೆ ಹತ್ತಿರದ್ದು. ಮಂಜೇಶ್ವರವು ಮಂಜೇಶ್ವರಮ್ ಆಗುವುದನ್ನು, ಅಕ್ಕಲಕೋಟೆ ಅಕ್ಕಲಕೋಟ್ ಆಗುವುದನ್ನು, ಆದವಾನಿ ಆದೋನಿಯಾಗುವುದನ್ನು ದಿನವೂ ನೋಡುವವರಿಗೆ ಫಲಕದ ಮೇಲಿನ ಹೆಸರು ಅಲಂಕಾರವಲ್ಲ. ಆದರೆ ಈ ಸಾಮ್ಯವನ್ನು ಎಳೆದು ಹಿಗ್ಗಿಸಬಾರದು. ಕನ್ನಡಕ್ಕೆ ರಾಜ್ಯವಿದೆ, ಶಾಲೆಗಳಿವೆ, ಕೋಟಿಗಟ್ಟಲೆ ಮಾತುಗಾರರಿದ್ದಾರೆ. 1985ರಲ್ಲಿ ಆನೆಟ್ ಶ್ಮಿಟ್ ಪ್ರಕಟಿಸಿದ ಅಧ್ಯಯನ ಯುವಜನರ ಬಾಯಲ್ಲಿ ಜಿರ್ಬಲ್‌ನ ವ್ಯಾಕರಣ ಒಂದು ಪೀಳಿಗೆಯೊಳಗೆ ಹೇಗೆ ಕುಗ್ಗಿತೆಂದು ಹಂತಹಂತವಾಗಿ ತೋರಿಸುತ್ತದೆ. ಅಂಥ ನಷ್ಟವನ್ನು ನಮ್ಮದರ ಜೊತೆ ಸಮ ಮಾಡಿದರೆ ಅವರ ಮಾತನ್ನು ಮತ್ತೊಮ್ಮೆ ಕಸಿದುಕೊಂಡಂತೆ. ಹೆಸರಿನ ಬೆಲೆ ಗೊತ್ತಿರುವ ಓದುಗ ಇನ್ನೊಬ್ಬರ ಹೆಸರನ್ನು ಕೇಳಿಸಿಕೊಳ್ಳಲು ಸಿದ್ಧನಾಗಿರುತ್ತಾನೆ. ಈ ಸಾಮ್ಯದಿಂದ ಅಷ್ಟನ್ನು ಮಾತ್ರ ನಿರೀಕ್ಷಿಸಬಹುದು.

ಒಂದು ಸಣ್ಣ ಅನುಕೂಲವಂತೂ ನಮಗಿದೆ. ಶಾಲೆಯಲ್ಲಿ ಕಲಿತು ಬಳಿಕ ಬಹುಮಟ್ಟಿಗೆ ಬಳಸದೆ ಬಿಟ್ಟ ಙ ಮತ್ತು ಞ ಅಕ್ಷರಗಳು ಈ ಕರಾವಳಿಯ ಭಾಷೆಗಳಲ್ಲಿ ಪದಗಳ ಮೊದಲಿಗೂ ಕೊನೆಗೂ ದುಡಿಯುವ ಧ್ವನಿಗಳು. ಯಿದಿಞ್ ಎಂದು ಬರೆಯಲು ಇಂಗ್ಲಿಷ್ ಲಿಪಿ ಎರಡು ಅಕ್ಷರ ಜೋಡಿಸಬೇಕು. ಕನ್ನಡಕ್ಕೆ ಒಂದು ಸಾಕು. ವಿಟ್‌ಸಂಡೇ ದ್ವೀಪಗಳ ಸಮುದ್ರಜನರ ಹೆಸರನ್ನು ಙಾರೊ ಎಂದು ಉಚ್ಚಾರಕ್ಕೆ ತಕ್ಕಂತೆ ಬರೆಯಬಹುದು. ಏರ್ಲಿ ಬೀಚಿನಿಂದ ಹಾಯಿದೋಣಿ ಹತ್ತುವ ಕನ್ನಡದ ತರುಣಿಯ ದಿನಚರಿಯಲ್ಲಿ ದೋಣಿಯ ಬಾಡಿಗೆ, ಹಿಂದಿನ ಇರುಳಿನ ಕುಣಿತ, ಬಾಳೆತೋಟದಲ್ಲಿ ಕಳೆದ ಮೂರು ತಿಂಗಳ ಕೂಲಿಯ ಲೆಕ್ಕ, ಇವುಗಳ ಜೊತೆಗೆ ಆ ಹೆಸರೂ ಒಂದು ಸಾಲಿನಲ್ಲಿ ಬಂದರೆ ಪ್ರಕಾರದ ಆಕೃತಿಯೇ ಬದಲಾಗಬೇಕಾಗುತ್ತದೆ. ಆಗ ಹಗಲೆಂದರೆ ವಿಹಾರ ಮಾತ್ರ ಎಂಬ ಲೆಕ್ಕ ನಿಲ್ಲಲಾರದು.